ಚಿತ್ರದೊಳಗೆ ಕೂರಿಸಿದ ಜನ: ಸ್ಟ್ರಾಸ್‌ಬರ್ಗ್‌ನ ಓಬೆಟ್ ಪ್ರಕರಣ, 1926–1938

1928ರ ಫೆಬ್ರುವರಿ 17ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಕ್ಲೆಬರ್ ಚೌಕದಲ್ಲಿರುವ ಓಬೆಟ್ ಎಂಬ ಹಳೆಯ ಸೈನಿಕ ಕಟ್ಟಡದ ಬಲ ಪಾರ್ಶ್ವವು ಊಟ, ಚಹಾ, ಮದ್ಯ, ಬಿಲಿಯರ್ಡ್ಸ್, ನೃತ್ಯ ಮತ್ತು ಸಿನಿಮಾಗಳನ್ನು ಒಂದೇ ಸೂರಿನಡಿ ಒದಗಿಸುವ ವಿಹಾರ ಕೇಂದ್ರವಾಗಿ ತೆರೆದುಕೊಂಡಿತು. ಇಂಥ ತಾಣಗಳು ಆ ಕಾಲದ ಯುರೋಪಿನ ದೊಡ್ಡ ನಗರಗಳಲ್ಲಿ ಅಪರೂಪವೇನಲ್ಲ. ಅಪರೂಪವಾಗಿದ್ದುದು ಅದರ ಗೋಡೆಗಳು. ಆಯತ, ಚೌಕ, ಕರ್ಣರೇಖೆ ಮತ್ತು ಅಪ್ಪಟ ಬಣ್ಣಗಳ ಹೊರತು ಬೇರಾವುದೇ ಅಲಂಕಾರವಿಲ್ಲದೆ, ಗೋಡೆಯಿಂದ ಚಾವಣಿಯವರೆಗೆ ಬಹುಪಾಲು ಕೋಣೆಗಳೇ ಜ್ಯಾಮಿತೀಯ ಅಮೂರ್ತ ಚಿತ್ರಗಳಾಗಿದ್ದವು. ಡಚ್ ಕಲಾವಿದ ಥಿಯೋ ವಾನ್ ಡೂಸ್‌ಬರ್ಗ್, ಸ್ವಿಟ್ಜರ್ಲೆಂಡಿನ ಸೋಫಿ ಟೊಯ್ಬರ್-ಆರ್ಪ್ ಮತ್ತು ಆಕೆಯ ಪತಿ, ಸ್ಟ್ರಾಸ್‌ಬರ್ಗ್‌ನಲ್ಲೇ ಹುಟ್ಟಿದ ಹಾನ್ಸ್ ಆರ್ಪ್ ಸೇರಿ ಮಾಡಿದ ಈ ಕೆಲಸ, ಚಿತ್ರಕಲೆಯ ಮೂಲಕ ಸಮಾಜವನ್ನೇ ಹೊಸದಾಗಿ ರೂಪಿಸಬಹುದೆಂಬ ನಂಬಿಕೆಗೆ ಸಿಕ್ಕ ಅತ್ಯಂತ ಪೂರ್ಣವಾದ ಅವಕಾಶಗಳಲ್ಲಿ ಒಂದಾಗಿತ್ತು. ಅದೇ ವರ್ಷ ಮುಗಿಯುವ ಮೊದಲೇ ಗಿರಾಕಿಗಳ ದೂರಿಗೆ ಮಾಲೀಕರು ಮಣಿದಿದ್ದರು. 1938ರ ಹೊತ್ತಿಗೆ ಆ ಬಣ್ಣಗಳು ಹೊಸ ಅಲಂಕಾರದ ಅಡಿಯಲ್ಲಿ ಕಣ್ಮರೆಯಾಗಿದ್ದವು.

ಈ ಸೋಲನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳುತ್ತಾರೆ. ಕಾಲಕ್ಕಿಂತ ಮುಂದಿದ್ದ ಕಲಾವಿದರನ್ನು ಜನ ಅರ್ಥಮಾಡಿಕೊಳ್ಳಲಿಲ್ಲ ಎಂಬುದು ಒಂದು. ಬರಿಯ ಚೌಕಗಳಲ್ಲಿ ಮನುಷ್ಯನಿಗೆ ಬೇಕಾದ ಬೆಚ್ಚನೆಯ ಭಾವವೇ ಇಲ್ಲ ಎಂಬುದು ಇನ್ನೊಂದು. ಪ್ರಕರಣದ ವಿವರಗಳನ್ನು ಹತ್ತಿರದಿಂದ ನೋಡಿದರೆ ಎರಡೂ ಸಾಲವೆನಿಸುತ್ತವೆ. ತೊಡಕು ರೇಖೆಯಲ್ಲಾಗಲಿ ಬಣ್ಣದಲ್ಲಾಗಲಿ ಇರಲಿಲ್ಲ. ಎಲ್ಲರ ಹೆಸರಿನಲ್ಲಿ ಮಾಡುವ ಕಲೆಯಲ್ಲಿ ತೀರ್ಮಾನ ಯಾರದು ಎಂಬ ಪ್ರಶ್ನೆಯನ್ನು ಆ ಆದರ್ಶವು ಒಮ್ಮೆಯೂ ಎದುರಿಸದೆ ಉಳಿದುದರಲ್ಲಿತ್ತು.

ಆದರ್ಶದ ಮೂಲ

ವಾನ್ ಡೂಸ್‌ಬರ್ಗ್ 1917ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ‘ದೆ ಸ್ಟೈಲ್’ ಪತ್ರಿಕೆಯನ್ನು ಆರಂಭಿಸಿದಾಗ ಸುತ್ತಲಿನ ಯುರೋಪು ಯುದ್ಧದಲ್ಲಿ ಬೇಯುತ್ತಿತ್ತು. ಹಾಲೆಂಡ್ ತಟಸ್ಥ ದೇಶವಾಗಿದ್ದರೂ ಅಲ್ಲಿಯೂ ಸೈನ್ಯ ಜಮಾವಣೆ ನಡೆದು, ಆತನೇ ಕೆಲಕಾಲ ಬೆಲ್ಜಿಯಂ ಗಡಿಯಲ್ಲಿ ಸೈನಿಕನಾಗಿ ಕಳೆದಿದ್ದನು. 1918ರ ನವೆಂಬರಿನಲ್ಲಿ ಆ ಪತ್ರಿಕೆ ಪ್ರಕಟಿಸಿದ ಪ್ರಣಾಳಿಕೆಯು ಹಳೆಯದೊಂದು ಮತ್ತು ಹೊಸದೊಂದು ಕಾಲಪ್ರಜ್ಞೆ ಇದೆಯೆಂದೂ, ಹಳೆಯದು ವ್ಯಕ್ತಿಯತ್ತ, ಹೊಸದು ವಿಶ್ವಾತ್ಮಕವಾದುದರತ್ತ ಮುಖಮಾಡಿದೆಯೆಂದೂ, ಇವೆರಡರ ನಡುವಿನ ಸಂಘರ್ಷವೇ ಮಹಾಯುದ್ಧದಲ್ಲೂ ಅಂದಿನ ಕಲೆಯಲ್ಲೂ ಕಾಣಿಸಿಕೊಂಡಿದೆಯೆಂದೂ ಸಾರಿತು. ಯುದ್ಧಕ್ಕೆ ಕಾರಣವಾದುದು ವ್ಯಕ್ತಿಯ, ರಾಷ್ಟ್ರದ ಅಹಂಕಾರವಾದರೆ, ಆ ಅಹಂಕಾರದ ಗುರುತುಗಳಿಲ್ಲದ ಚಿತ್ರವು ಬರಲಿರುವ ಸಮಾಜದ ಮಾದರಿಯಾಗಬಲ್ಲದು ಎಂಬುದು ಇದರ ಹಿಂದಿನ ತರ್ಕ. ಆ ಪತ್ರಿಕೆಯ ಬಳಗದ ಡಚ್ ಚಿತ್ರಕಾರ ಪೀಟ್ ಮಾಂಡ್ರಿಯಾನ್ ತನ್ನ ಚಿತ್ರಗಳಲ್ಲಿ ಲಂಬ ಮತ್ತು ಅಡ್ಡ ರೇಖೆಗಳನ್ನೂ, ಕೆಂಪು, ಹಳದಿ, ನೀಲಿ ಎಂಬ ಮೂರು ಮೂಲವರ್ಣಗಳನ್ನೂ, ಕಪ್ಪು, ಬಿಳಿ, ಬೂದು ಬಣ್ಣಗಳನ್ನೂ ಮಾತ್ರ ಉಳಿಸಿಕೊಂಡದ್ದು ಕೇವಲ ರುಚಿಯ ಕಾರಣದಿಂದಲ್ಲ. ಯಾವ ಭಾಗವೂ ಇನ್ನೊಂದಕ್ಕೆ ಹಿನ್ನೆಲೆಯಾಗದೆ, ಯಾವುದೂ ನಾಯಕನಾಗದೆ, ಅಸಮಾನವಾದವುಗಳು ಸಮತೋಲದಲ್ಲಿ ನಿಲ್ಲುವ ಒಂದು ವ್ಯವಸ್ಥೆಯನ್ನು ಅವನು ಕ್ಯಾನ್ವಾಸಿನ ಮೇಲೆ ಸಾಧಿಸಿ, ಮುಂದೊಂದು ದಿನ ಇಡೀ ಪರಿಸರವೇ ಹಾಗಾದಾಗ ಪ್ರತ್ಯೇಕ ಚಿತ್ರಗಳ ಅಗತ್ಯವೇ ಇರುವುದಿಲ್ಲವೆಂದು ನಂಬಿದ್ದನು.

ಮಾಂಡ್ರಿಯಾನ್ ಆ ದಿನಕ್ಕಾಗಿ ಕಾಯಲು ಸಿದ್ಧನಿದ್ದನು; ವಾನ್ ಡೂಸ್‌ಬರ್ಗ್ ಇರಲಿಲ್ಲ. ಮನುಷ್ಯನನ್ನು ಚಿತ್ರದ ಎದುರು ನಿಲ್ಲಿಸುವುದರ ಬದಲು ಚಿತ್ರದ ಒಳಗೇ ಇರಿಸಬೇಕು ಎಂಬುದು ಅವನ ಹಳೆಯ ಹಂಬಲ. ಕಲೆಯ ಚರಿತ್ರೆಯಲ್ಲಿ ಈ ಹಂಬಲವನ್ನು ಮೆಚ್ಚುಗೆಯಿಂದಲೇ ಉಲ್ಲೇಖಿಸುವುದು ವಾಡಿಕೆ. ಆದರೆ ಎದುರಿಗಿರುವ ಚಿತ್ರ ಇಷ್ಟವಾಗದಿದ್ದರೆ ನೋಡುಗನು ಮುಖ ತಿರುಗಿಸಬಹುದು. ಒಳಗೆ ಕೂರಿಸಿದವನು ಯಾವ ಕಡೆ ತಿರುಗಿದರೂ ಚಿತ್ರವೇ. ಓಬೆಟ್‌ನ ಕಥೆಯೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಮೊದಲೇ ಸಿಕ್ಕಿದ್ದ ಎರಡು ಸೂಚನೆಗಳು

ಓಬೆಟ್ ಇಂಥ ಮೊದಲ ಘರ್ಷಣೆಯಲ್ಲ. 1921ರಲ್ಲಿ ರಾಟರ್‌ಡ್ಯಾಮ್‌ನ ಸ್ಪಾಂಗೆನ್ ಬಡಾವಣೆಯಲ್ಲಿ ಪುರಸಭೆಯು ಕಾರ್ಮಿಕರಿಗಾಗಿ ಕಟ್ಟಿಸುತ್ತಿದ್ದ ವಸತಿ ಸಮುಚ್ಚಯಗಳಿಗೆ ವಾನ್ ಡೂಸ್‌ಬರ್ಗ್ ಬಣ್ಣದ ಯೋಜನೆ ಸಿದ್ಧಪಡಿಸಿದನು. ವಾಸ್ತುಶಿಲ್ಪಿ ಜೆ. ಜೆ. ಪಿ. ಔಡ್ ಅವನ ಆಪ್ತನೂ ‘ದೆ ಸ್ಟೈಲ್’ ಬಳಗದವನೂ ಆಗಿದ್ದನು. ಔಡ್ ಕೆಲವು ಬದಲಾವಣೆ ಕೇಳಿದಾಗ, ಹೀಗೇ ಆಗಬೇಕು, ಇಲ್ಲವಾದರೆ ಬೇಡವೇ ಬೇಡ ಎಂಬ ಅರ್ಥದ ಉತ್ತರ ಬಂದು, ಗೆಳೆತನವೂ ಕೆಲಸವೂ ಒಟ್ಟಿಗೇ ಮುರಿದುಬಿದ್ದವು.

ಅದೇ ವರ್ಷ ಉತ್ತರದ ಡ್ರಾಕ್ಟನ್ ಪಟ್ಟಣದಲ್ಲಿ, ವಾಸ್ತುಶಿಲ್ಪಿ ಸೇಸ್ ಡಿ ಬೂರ್ ಕಟ್ಟಿದ 16 ಮನೆಗಳ ಬಾಗಿಲು, ಕಿಟಕಿ ಚೌಕಟ್ಟು ಮತ್ತು ಒಳಕೋಣೆಗಳಿಗೆ ಕೆಂಪು, ಹಳದಿ, ನೀಲಿ ಬಣ್ಣಗಳನ್ನೂ, ಎದುರಿನ ಕೃಷಿ ಶಾಲೆಗೆ ಹಸಿರು, ಕಿತ್ತಳೆ, ನೇರಳೆ ಬಣ್ಣಗಳನ್ನೂ ಅವನು ಗೊತ್ತುಪಡಿಸಿದನು. ಊರಿನವರು ಆ ಸಾಲಿಗೆ ‘ಗಿಳಿಗಳ ಕೇರಿ’ ಎಂದು ಹೆಸರಿಟ್ಟು ನಕ್ಕರು. ಬಣ್ಣಗಳು ಬಹುಕಾಲ ಉಳಿಯಲಿಲ್ಲ. ಎರಡೂ ಕಡೆ ಬಣ್ಣವನ್ನು ದಿನವೂ ನೋಡಬೇಕಾದವರನ್ನು ಯಾರೂ ಮುಂಚಿತವಾಗಿ ಕೇಳಿರಲಿಲ್ಲ. ನಮ್ಮಲ್ಲಿ ಹಬ್ಬಕ್ಕೆ ಸುಣ್ಣ ಬಣ್ಣ ಬಳಿಯಲು ಬಂದ ಮೇಸ್ತ್ರಿಯೂ ಪಡಸಾಲೆಗೆ ಯಾವ ಬಣ್ಣವೆಂದು ಮನೆಯವರನ್ನು ಒಮ್ಮೆ ಕೇಳಿಯೇ ಕುಂಚ ಅದ್ದುತ್ತಾನೆ. ಮನುಕುಲದ ಹೊಸ ಪ್ರಜ್ಞೆಯ ಪರವಾಗಿ ಮಾತನಾಡುತ್ತಿದ್ದ ಕಲಾವಿದನಿಗೆ ಆ ಮನೆಯವರ ಅಭಿಪ್ರಾಯವು ಹಳೆಯ, ವೈಯಕ್ತಿಕ ಪ್ರಜ್ಞೆಯ ಅವಶೇಷವಾಗಿ ಮಾತ್ರ ಕಂಡಿರಬೇಕು.

ಕಟ್ಟಡ, ಮಾಲೀಕರು, ಊರು

ಓಬೆಟ್ ಕಟ್ಟಡವನ್ನು 18ನೆಯ ಶತಮಾನದಲ್ಲಿ ಝಾಕ್-ಫ್ರಾನ್ಸ್ವಾ ಬ್ಲಾಂಡೆಲ್ ವಿನ್ಯಾಸಗೊಳಿಸಿದ್ದನು. 1870ರಲ್ಲಿ ಪ್ರಷ್ಯನ್ ಸೈನ್ಯದ ಗುಂಡಿನ ದಾಳಿಗೆ ಸಿಕ್ಕಿ ಅದು ಸುಟ್ಟಾಗ ಅದರೊಳಗಿದ್ದ ನಗರದ ಚಿತ್ರಸಂಗ್ರಹವೂ ನಾಶವಾಯಿತು. ಮುಂದೆ ಅಲ್ಸೇಸ್ ಪ್ರಾಂತ್ಯ ಜರ್ಮನಿಯ ಪಾಲಾಗಿ, 1918ರಲ್ಲಿ ಮತ್ತೆ ಫ್ರಾನ್ಸಿಗೆ ಮರಳಿತು. 1920ರ ದಶಕದಲ್ಲಿ ಈ ಕಟ್ಟಡದ ಬಲ ಪಾರ್ಶ್ವವನ್ನು ಪಾಲ್ ಮತ್ತು ಆಂದ್ರೆ ಹಾರ್ನ್ ಎಂಬ ಸಹೋದರರು ನಗರಾಡಳಿತದಿಂದ ದೀರ್ಘ ಗುತ್ತಿಗೆಗೆ ಪಡೆದರು. ಅವರು ಮೊದಲು ಸಂಪರ್ಕಿಸಿದ್ದು ಟೊಯ್ಬರ್-ಆರ್ಪ್ ಅವರನ್ನು. ಕೆಲಸದ ಗಾತ್ರವನ್ನು ಕಂಡು ಆಕೆ ಪತಿಯನ್ನೂ, 1926ರಲ್ಲಿ ವಾನ್ ಡೂಸ್‌ಬರ್ಗ್‌ನನ್ನೂ ಜೊತೆಗೆ ಸೇರಿಸಿಕೊಂಡರು. ಈ ಸಣ್ಣ ಸಂಗತಿ ನೆನಪಿರಲಿ. ಮುಂದಿನ ಹಲವು ದಶಕಗಳ ಕಾಲ ಓಬೆಟ್ ಎಂದರೆ ವಾನ್ ಡೂಸ್‌ಬರ್ಗ್‌ನ ಕೃತಿಯೆಂದೇ ಪ್ರಚಾರವಾಗಿತ್ತು.

ಆ ಊರಿಗೆ ರಾಷ್ಟ್ರದ ಗುರುತುಗಳು ಎಷ್ಟು ಬೇಗ ಬದಲಾಗುತ್ತವೆಂಬುದು ಚೆನ್ನಾಗಿಯೇ ಗೊತ್ತಿತ್ತು. ಆರ್ಪ್ 1886ರಲ್ಲಿ ಅಲ್ಲಿ ಹುಟ್ಟಿದಾಗ ಅದು ಜರ್ಮನ್ ನಗರ. ಅವನಿಗೆ ಹಾನ್ಸ್ ಎಂಬ ಜರ್ಮನ್ ಹೆಸರೂ ಝಾನ್ ಎಂಬ ಫ್ರೆಂಚ್ ಹೆಸರೂ ಇದ್ದವು. ದಂಪತಿಗೆ ಫ್ರೆಂಚ್ ಪೌರತ್ವ ದೊರೆತದ್ದು 1926ರಲ್ಲಿ. ಅದೇ ವರ್ಷ ಅಲ್ಸೇಸ್‌ನಲ್ಲಿ ಪ್ರಾದೇಶಿಕ ಸ್ವಾಯತ್ತತೆಯ ಚಳವಳಿ ಬಿಸಿಯೇರಿತ್ತು. ಯಾವ ದೇಶದ ಲಾಂಛನವೂ, ಯಾವ ಜನಪದ ಅಲಂಕಾರವೂ ಇಲ್ಲದ ಜ್ಯಾಮಿತಿಗೆ ಇಂಥ ಊರಿನಲ್ಲಿ ವಿಶೇಷ ಅರ್ಥ ಒದಗಬಹುದಿತ್ತು. ಆದರೆ ಕಟ್ಟಡದ ಉದ್ದೇಶ ಅದಾಗಿರಲಿಲ್ಲ. ಹಾರ್ನ್ ಸಹೋದರರಿಗೆ ಬೇಕಾಗಿದ್ದುದು ತುಂಬಿದ ಮೇಜುಗಳು.

ಕೋಣೆಗಳು

ಕೆಲಸ ಹಂಚಿಕೆಯಾಯಿತು. ನೆಲಮಾಳಿಗೆಯ ನೃತ್ಯಶಾಲೆಯ ಗೋಡೆಗಳ ಮೇಲೆ ಆರ್ಪ್ ತನ್ನ ಸಹಜ ಶೈಲಿಯಂತೆ ಬಾಗುವ, ಉಬ್ಬುವ, ಜೀವಕೋಶಗಳನ್ನು ಹೋಲುವ ಆಕಾರಗಳನ್ನು ಬಿಡಿಸಿದನು. ಇಡೀ ಕಟ್ಟಡದಲ್ಲಿ ಅಳತೆಪಟ್ಟಿಗೆ ಒಗ್ಗದ ಭಾಗ ಇದೊಂದೇ ಇರಬೇಕು. ಟೊಯ್ಬರ್-ಆರ್ಪ್ ನೆಲ ಅಂತಸ್ತಿನ ಚಹಾಕೋಣೆ, ಒಂದು ಬಾರ್, ಬಿಲಿಯರ್ಡ್ಸ್ ಕೋಣೆ, ಮೇಲಂತಸ್ತಿನ ಎರಡು ದೊಡ್ಡ ಸಭಾಂಗಣಗಳನ್ನು ಕೂಡಿಸುವ ಫೊಯೇ-ಬಾರ್‌ಗಳನ್ನು ವಹಿಸಿಕೊಂಡರು. ಕೆಳಗಿನ ಕೆಫೆ ಮತ್ತು ರೆಸ್ಟೋರೆಂಟ್, ಮೇಲಿನ ಸಿನಿಮಾ-ನೃತ್ಯಶಾಲೆ ಮತ್ತು ಉತ್ಸವ ಸಭಾಂಗಣಗಳು ವಾನ್ ಡೂಸ್‌ಬರ್ಗ್‌ನ ಪಾಲಿಗೆ ಬಂದವು. ಕಟ್ಟಡದ ಫಲಕಗಳ ಅಕ್ಷರವಿನ್ಯಾಸದಂಥ ಚಿಕ್ಕ ವಿಷಯಗಳನ್ನೂ ಅವನೇ ನೋಡಿಕೊಂಡನು. ಕಾಂಕ್ರೀಟು, ಕಬ್ಬಿಣ, ಗಾಜು, ಅಲ್ಯೂಮಿನಿಯಂ, ನಿಕ್ಕೆಲ್, ಎಬೊನೈಟ್, ಲಿನೋಲಿಯಂ ಹೀಗೆ ಬಳಸಿದ ಆಧುನಿಕ ವಸ್ತುಗಳ ಉದ್ದನೆಯ ಪಟ್ಟಿಯನ್ನು ಅವನು ಹೆಮ್ಮೆಯಿಂದ ಪ್ರಕಟಿಸಿದ್ದುಂಟು.

ಉತ್ಸವ ಸಭಾಂಗಣದಲ್ಲಿ ಗೋಡೆ ಮತ್ತು ಚಾವಣಿಗಳು ಲಂಬ-ಅಡ್ಡ ಜಾಲದಲ್ಲಿ, ಚೌಕ ಮತ್ತು ಆಯತಗಳಾಗಿ ವಿಂಗಡಣೆಯಾಗಿದ್ದು, ದೀಪಗಳಿಗೂ ಗಾಳಿಕಿಂಡಿಗಳಿಗೂ ಅದೇ ಚೌಕಗಳಲ್ಲಿ ಜಾಗ ಕೊಡಲಾಗಿತ್ತು. ಬೆಳಕು ಒಂದೆಡೆಯಿಂದ ಬಿದ್ದು ನೆರಳು ಹುಟ್ಟಿಸದಂತೆ ಎಲ್ಲೆಡೆ ಸಮನಾಗಿ ಹರಡಬೇಕೆಂಬುದು ಉದ್ದೇಶ. ಮೂಲೆಯ ಮಬ್ಬುಗತ್ತಲು, ಮೇಜಿನ ಮೇಲಿನ ಒಂಟಿ ದೀಪ, ಇಬ್ಬರೇ ಕೂತು ಮಾತನಾಡುವ ಮರೆ ಇವೆಲ್ಲ ಕೆಫೆಗೆ ಹೋಗುವವರಿಗೆ ಎಷ್ಟು ಬೇಕಾದವು ಎಂಬುದನ್ನು ಎಲ್ಲ ಭಾಗಗಳಿಗೂ ಸಮಾನ ಬೆಳಕು ಕೊಡುವ ಈ ಯೋಜನೆ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಸಿನಿಮಾ-ನೃತ್ಯಶಾಲೆಯೇ ಈ ಪ್ರಕರಣದ ಹೃದಯ. ಒಂದು ತುದಿಯಲ್ಲಿ ತೆರೆ, ನಡುವೆ ಕುಣಿಯುವ ನೆಲ, ಬದಿಯಲ್ಲಿ ಮೇಜುಗಳಿರುವ ಗೂಡುಗಳು. ಜನ ತಿನ್ನುತ್ತಾ ಕುಡಿಯುತ್ತಾ ಚಿತ್ರ ನೋಡಬಹುದು, ಎದ್ದು ಕುಣಿಯಬಹುದು. ಆ ಕೋಣೆಯ ಬಾಗಿಲು, ಕಿಟಕಿ, ಚಾವಣಿಗಳೆಲ್ಲ ಸಹಜವಾಗಿಯೇ ಲಂಬ ಮತ್ತು ಅಡ್ಡ ರೇಖೆಗಳಿಗೆ ಬದ್ಧವಾಗಿದ್ದುದರಿಂದ, ವಾನ್ ಡೂಸ್‌ಬರ್ಗ್ ತನ್ನ ಬಣ್ಣದ ಫಲಕಗಳನ್ನು 45 ಡಿಗ್ರಿ ಓರೆಯಾಗಿ ತಿರುಗಿಸಿ, ಗೋಡೆಯಿಂದ ಸ್ವಲ್ಪ ಮೇಲೆದ್ದಂತೆ ಉಬ್ಬಿಸಿ, ಅವುಗಳ ನಡುವೆ ಅಗಲವಾದ ಪಟ್ಟಿಗಳನ್ನು ಹಾಯಿಸಿದನು. ಮೂಲವರ್ಣಗಳ ಜೊತೆಗೆ ಹಸಿರೂ ಬಂತು. ಮೂರು ಆಯಾಮಗಳ ಭೌತಿಕ ಕೋಣೆಗೆ ಎದುರಾಗಿ, ಅದನ್ನು ಮೀರಿದ ಕರ್ಣೀಯವಾದ ಚಿತ್ರಾವಕಾಶವೊಂದನ್ನು ನಿಲ್ಲಿಸುವುದೇ ತನ್ನ ಉದ್ದೇಶವೆಂದು ಅವನೇ ವಿವರಿಸಿದನು. ಮಾಂಡ್ರಿಯಾನ್ ಅದಾಗಲೇ ‘ದೆ ಸ್ಟೈಲ್’ ಬಿಟ್ಟು ಹೋಗಿದ್ದುದಕ್ಕೆ ಇದ್ದ ಕಾರಣಗಳಲ್ಲಿ ಇಂಥ ಕರ್ಣರೇಖೆಯೂ ಒಂದು. ಹೊರಗಿನವರಿಗೆ ಇದು ಕ್ಷುಲ್ಲಕ ಜಗಳವೆನಿಸಬಹುದು. ಆದರೆ ಲಂಬ-ಅಡ್ಡಗಳ ಸಮತೋಲವೇ ಮುಂಬರುವ ಸಮಾಜದ ಶಾಂತಿಗೆ ಮಾದರಿಯೆಂದು ನಂಬಿದವನಿಗೆ ರೇಖೆಯನ್ನು ಓರೆಯಾಗಿಸುವುದು ಆ ಶಾಂತಿಯನ್ನೇ ಕದಡುವ ಕೆಲಸ. ವಾನ್ ಡೂಸ್‌ಬರ್ಗ್‌ಗೆ ಬೇಕಾಗಿದ್ದುದು ಚಲನೆ. ಕುಣಿಯುವ ದೇಹಗಳು, ಓಡುವ ಚಿತ್ರಗಳು, ಜಾರುವ ಗೋಡೆಗಳು ಮೂರೂ ಕೂಡಿದರೆ ನಿಂತ ನೀರಿನಂಥ ಹಳೆಯ ಪ್ರಜ್ಞೆ ಅಲುಗಾಡದೆ ಇರಲಾರದು ಎಂಬುದು ಅವನ ಲೆಕ್ಕಾಚಾರ. ಚಿತ್ರಕಲೆಯಾಗಿ ಅದು ಬೆರಗುಗೊಳಿಸುವ ಸಾಧನೆಯೆಂಬುದರಲ್ಲಿ ನನಗೆ ಅನುಮಾನವಿಲ್ಲ. ಅಲುಗಾಡಲು ಒಪ್ಪಿಗೆ ಕೊಟ್ಟವರು ಯಾರು ಎಂಬುದಷ್ಟೇ ಪ್ರಶ್ನೆ.

ಇದಕ್ಕೆ ಹೋಲಿಸಿದಾಗ ಟೊಯ್ಬರ್-ಆರ್ಪ್ ಅವರ ಕೋಣೆಗಳ ಬಗೆ ಬೇರೆ. ಅವರೂ ಅಷ್ಟೇ ಕಟ್ಟುನಿಟ್ಟಾಗಿ ಚೌಕ ಮತ್ತು ಆಯತಗಳನ್ನೇ ನೆಚ್ಚಿಕೊಂಡವರು. ಆದರೆ ಜ್ಯೂರಿಕ್‌ನ ಅನ್ವಯಿಕ ಕಲೆಗಳ ಶಾಲೆಯಲ್ಲಿ 1916ರಿಂದ ನೇಯ್ಗೆ ಮತ್ತು ಕಸೂತಿ ಕಲಿಸುತ್ತಾ ಬಂದಿದ್ದ ಅವರಿಗೆ ಚೌಕ ಎಂಬುದು ವಿಶ್ವಪ್ರಜ್ಞೆಯ ಸಂಕೇತವಾಗುವ ಮೊದಲು ಹಾಸು ಹೊಕ್ಕುಗಳು ಸೇರುವ ಕಡೆ ತಾನಾಗಿ ಹುಟ್ಟುವ ಆಕಾರವಾಗಿತ್ತು. ದಿಂಬು, ಕೈಚೀಲ, ಮೇಜುಹಾಸುಗಳಿಗೆ ವಿನ್ಯಾಸ ಮಾಡಿದವರಿಗೆ ವಸ್ತುವನ್ನು ಬಳಸುವ ಕೈಯ ನೆನಪು ಇರುತ್ತದೆ. ಅವರ ಫೊಯೇ-ಬಾರ್ ಎರಡು ಅಬ್ಬರದ ಸಭಾಂಗಣಗಳ ನಡುವೆ ಹಾದುಹೋಗುವವರಿಗೆ ಉಸಿರಾಡಲು ಕೊಟ್ಟ ಜಾಗದಂತಿದೆ; ಅಲ್ಲಿ ಗೋಡೆ ಮನುಷ್ಯನ ಜೊತೆ ವಾದಕ್ಕೆ ಇಳಿಯುವುದಿಲ್ಲ. ಗಿರಾಕಿಗಳು ಅವರ ಕೋಣೆಗಳನ್ನು ಹೆಚ್ಚು ಮೆಚ್ಚಿದರೆಂದು ಇದರಿಂದ ಹೇಳಲಾಗದು, ಏಕೆಂದರೆ ಕಾಲಕ್ರಮೇಣ ಅವರ ಕೋಣೆಗಳೂ ಮುಚ್ಚಿಹೋದವು. ಒಂದೇ ಜ್ಯಾಮಿತಿಯನ್ನು ಎರಡು ಮನೋಭಾವಗಳಿಂದ ಬಳಸಬಹುದಿತ್ತೆಂಬುದಕ್ಕೆ ಮಾತ್ರ ಅವು ಸಾಕ್ಷಿ.

ದೂರು ಮತ್ತು ಉತ್ತರ

ಗಿರಾಕಿಗಳಿಗೆ ಕೋಣೆಗಳು ತಣ್ಣಗೆ, ಆತ್ಮೀಯತೆಯಿಲ್ಲದೆ ಕಂಡವು. ಮಾಲೀಕರು ಆ ಮಾತಿಗೆ ಕಿವಿಗೊಟ್ಟು, ವಿನ್ಯಾಸಕ್ಕೆ ಹೊಂದದ ಸಾಮಗ್ರಿಗಳನ್ನು ತಂದು ಸೇರಿಸತೊಡಗಿದರು. 1928ರ ನವೆಂಬರಿನಲ್ಲಿ ಜರ್ಮನ್ ವಿಮರ್ಶಕ ಅಡಾಲ್ಫ್ ಬೆಹ್ನೆಗೆ ಬರೆದ ಪತ್ರದಲ್ಲಿ ವಾನ್ ಡೂಸ್‌ಬರ್ಗ್ ತನ್ನ ಕಹಿಯನ್ನು ಮುಚ್ಚಿಡಲಿಲ್ಲ. ಉದ್ಘಾಟನೆಗೆ ಮುಂಚೆ, ಕೆಲಸ ಆಗತಾನೆ ಮುಗಿದಿದ್ದಾಗ ಓಬೆಟ್ ನಿಜಕ್ಕೂ ಚೆನ್ನಾಗಿತ್ತು, ವರ್ಷಗಳಿಂದ ಕಂಡ ಕನಸಿನ ಮೊದಲ ಸಾಕಾರವಾಗಿತ್ತು ಎಂದ ಅವನು, ಸಾರ್ವಜನಿಕರು ತಮ್ಮ ‘ಕಂದು’ ಲೋಕವನ್ನು ಬಿಟ್ಟು ಹೊಸ ‘ಬಿಳಿ’ ಲೋಕಕ್ಕೆ ಬರಲಾರರು, ಕೆಸರಿನಲ್ಲೇ ಬದುಕಬಯಸುವವರು ಕೆಸರಿನಲ್ಲೇ ಅಳಿಯಲಿ ಎಂಬ ಅರ್ಥದಲ್ಲಿ ಬರೆದು, ವಾಸ್ತುಶಿಲ್ಪಿ ಬೇಕಾದರೆ ಜನರಿಗಾಗಿ ಕೆಲಸ ಮಾಡಲಿ, ಕಲಾವಿದನು ಜನರಾಚೆಗೆ ಸೃಷ್ಟಿಸುತ್ತಾನೆ ಎಂದು ತನ್ನನ್ನು ಸಮರ್ಥಿಸಿಕೊಂಡನು.

ಹತ್ತು ವರ್ಷಗಳ ಹಿಂದೆ ವ್ಯಕ್ತಿಯ ಮೇಲುಗೈಯನ್ನು ಕೊನೆಗಾಣಿಸಿ ಎಲ್ಲರಿಗೂ ಸೇರಿದ ಕಲೆಯನ್ನು ಕಟ್ಟುವೆನೆಂದು ಹೊರಟವನೇ ಈಗ, ಎಲ್ಲರಿಗೂ ಮಿಗಿಲಾದ ಒಬ್ಬ ವ್ಯಕ್ತಿಯಾಗಿ ಕಲಾವಿದನನ್ನು ಮತ್ತೆ ಪೀಠಕ್ಕೇರಿಸುತ್ತಿದ್ದಾನೆ. ಕೋಪದಲ್ಲಿ ಬರೆದ ಪತ್ರವೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಈ ತಿರುವು ಆ ಆದರ್ಶದಲ್ಲಿಯೇ ಅಡಗಿತ್ತು. ವಿಶ್ವಾತ್ಮಕವಾದುದು ಯಾವುದೆಂಬುದು ಮೊದಲೇ ತಿಳಿದಿದೆಯೆಂದು ನಂಬಿದವನಿಗೆ ಜನರನ್ನು ಕೇಳುವ ಅಗತ್ಯ ಬೀಳುವುದಿಲ್ಲ. ಅವರ ಒಪ್ಪಿಗೆ ಬಂದರೆ ಅದು ಸತ್ಯಕ್ಕೆ ಸಿಕ್ಕ ಜಯ, ಬರದಿದ್ದರೆ ಅವರ ಹಿಂದುಳಿದಿರುವಿಕೆಗೆ ಪುರಾವೆ. ಇನ್ನು ಹಾರ್ನ್ ಸಹೋದರರ ಪಾಲಿಗೆ ನ್ಯಾಯವಾಗಿ ಹೇಳುವುದಾದರೆ, ಹೆಸರಿಲ್ಲದ ಕಲಾವಿದರಿಗೆ ಇಷ್ಟು ದೊಡ್ಡ ಕಟ್ಟಡವನ್ನು ಇಷ್ಟು ಸ್ವಾತಂತ್ರ್ಯದೊಂದಿಗೆ ಒಪ್ಪಿಸಿದ ವ್ಯಾಪಾರಸ್ಥರು ಅಂದಿನ ಯುರೋಪಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಗುತ್ತಿಗೆ ಕಟ್ಟಬೇಕಾದವರು ಗಿರಾಕಿಯ ಮಾತು ಕೇಳಿದ್ದನ್ನು ದ್ರೋಹವೆನ್ನುವುದು ಕಷ್ಟ.

ಇಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಅಲ್ಲಿಗೆ ಬರುತ್ತಿದ್ದವರು ಸಂಜೆಯ ಖರ್ಚಿಗೆ ಕೈಯಲ್ಲಿ ಹಣವಿದ್ದವರು. ಸಮಾಜವನ್ನು ಬದಲಿಸುವ ಕೋಣೆಗೆ ಪ್ರವೇಶ ದೊರೆಯುತ್ತಿದ್ದುದು ಒಂದು ಲೋಟ ಬಿಯರಿನ ಬೆಲೆ ಕೊಟ್ಟವರಿಗೆ ಮಾತ್ರ. ಸ್ಪಾಂಗೆನ್‌ನ ಕಾರ್ಮಿಕರ ಮನೆಗಳಿಂದ ಸ್ಟ್ರಾಸ್‌ಬರ್ಗ್‌ನ ಬಾರಿನವರೆಗಿನ ದಾರಿಯಲ್ಲಿ ಆದರ್ಶದ ಮಾತು ಬದಲಾಗಲಿಲ್ಲ, ಆದರೆ ಅದು ತಲುಪಬೇಕಿದ್ದ ಜನ ಬದಲಾಗಿದ್ದರು. ಇದರ ಬಗ್ಗೆ ವಾನ್ ಡೂಸ್‌ಬರ್ಗ್ ಹೆಚ್ಚು ತಲೆಕೆಡಿಸಿಕೊಂಡಂತೆ ತೋರುವುದಿಲ್ಲ. ಓಬೆಟ್‌ಗಾಗಿಯೇ ಮೀಸಲಾದ ‘ದೆ ಸ್ಟೈಲ್’ ಸಂಚಿಕೆ 1928ರಲ್ಲಿ ಹೊರಬಂತು. ಇಂದು ನಮಗೆ ಪರಿಚಿತವಾಗಿರುವ ಆ ಕಾಲದ ಕಪ್ಪು-ಬಿಳುಪು ಛಾಯಾಚಿತ್ರಗಳಲ್ಲಿ ಹೆಚ್ಚಿನವು ಮೇಜು ಕುರ್ಚಿಗಳು ಸಾಲಾಗಿ ಇಟ್ಟಿರುವ, ಜನರಿಲ್ಲದ ಕೋಣೆಗಳವು.

ಮುಂದಿನದು

ವಾನ್ ಡೂಸ್‌ಬರ್ಗ್ 1930ರಲ್ಲಿ ಪ್ಯಾರಿಸ್‌ನಲ್ಲಿ ‘ಮೂರ್ತ ಕಲೆ’ಯ ಪ್ರಣಾಳಿಕೆಯನ್ನು ಇತರ ಕೆಲವರೊಂದಿಗೆ ಹೊರತಂದನು. ರೇಖೆ, ಬಣ್ಣ, ಸಮತಲಗಳು ಯಾವುದರ ಸಾರವನ್ನೂ ಹಿಂಡಿ ತೆಗೆದವಲ್ಲ, ತಾವೇ ಮೂರ್ತ ವಸ್ತುಗಳು ಎಂಬುದು ಅದರ ವಾದ. ಗಮನಿಸಬೇಕಾದುದೇನೆಂದರೆ ಆ ಬರಹದಲ್ಲಿ ಕಲೆ ವಿಶ್ವಾತ್ಮಕವೆಂಬ ಮಾತು ಉಳಿದಿದ್ದರೂ, ಕಟ್ಟಡ, ಬಡಾವಣೆ, ನೃತ್ಯಶಾಲೆಗಳ ಪ್ರಸ್ತಾಪವಿಲ್ಲ. ಚಿತ್ರವು ಮತ್ತೆ ಚಿತ್ರಕ್ಕೇ ಮರಳಿದೆ. 1931ರ ಮಾರ್ಚ್ 7ರಂದು ಅವನು ದಾವೋಸ್‌ನಲ್ಲಿ ತೀರಿಕೊಂಡನು. ಟೊಯ್ಬರ್-ಆರ್ಪ್ 1943ರಲ್ಲಿ, ಜ್ಯೂರಿಕ್‌ನಲ್ಲಿ ಸ್ವಿಸ್ ಕಲಾವಿದ ಮ್ಯಾಕ್ಸ್ ಬಿಲ್ ಅವರ ಮನೆಯಲ್ಲಿ ತಂಗಿದ್ದಾಗ ಒಲೆಯ ವಿಷಾನಿಲದಿಂದ ಮೃತಪಟ್ಟರು. ‘ಮೂರ್ತ ಕಲೆ’ಯ ವಿಚಾರವನ್ನು ಯುದ್ಧಾನಂತರದ ಜರ್ಮನಿಯ ಉಲ್ಮ್ ವಿನ್ಯಾಸ ಶಾಲೆಗೂ, ಬ್ರೆಜಿಲ್‌ನ ಯುವ ಕಲಾವಿದರಿಗೂ ಮುಟ್ಟಿಸಿದವರಲ್ಲಿ ಬಿಲ್ ಪ್ರಮುಖರು, ಅಲ್ಲಿ ಅದೇ ಜ್ಯಾಮಿತಿಯ ಸಾಮಾಜಿಕ ಕನಸು ಬೇರೆ ಜಗಳಗಳನ್ನು ಎದುರಿಸಬೇಕಾಯಿತು.

ಸ್ಟ್ರಾಸ್‌ಬರ್ಗ್‌ನಲ್ಲಿ ಮುಚ್ಚಿಹೋಗಿದ್ದ ಕೋಣೆಗಳತ್ತ ಗಮನ ಮರಳಿದ್ದು ಬಹಳ ತಡವಾಗಿ. 1980ರ ದಶಕದಲ್ಲಿ ಅವುಗಳಿಗೆ ಸ್ಮಾರಕ ಸಂರಕ್ಷಣೆ ದೊರೆತು, 1994ರ ಹೊತ್ತಿಗೆ ಸಿನಿಮಾ-ನೃತ್ಯಶಾಲೆಯ ಪುನಾರಚನೆ ಮುಗಿಯಿತು; 2006ರಲ್ಲಿ ಉತ್ಸವ ಸಭಾಂಗಣ, ಫೊಯೇ-ಬಾರ್ ಮತ್ತು ಮೆಟ್ಟಿಲುಗಳ ಕೆಲಸವೂ ಪೂರ್ಣವಾಯಿತು. ಛಾಯಾಚಿತ್ರಗಳು ಕಪ್ಪು-ಬಿಳುಪಿನವಾದ್ದರಿಂದ ಉಳಿದಿದ್ದ ಬಣ್ಣದ ರೇಖಾಯೋಜನೆಗಳನ್ನೂ, ಗೋಡೆಯ ಪದರಗಳ ಕೆಳಗೆ ಸಿಕ್ಕ ಬಣ್ಣದ ಕುರುಹುಗಳನ್ನೂ ಆಧರಿಸಬೇಕಾಯಿತು. ಮರಳಿ ತರಲಾದುದು ಕಲಾವಿದರು ಮುಗಿಸಿ ಕೊಟ್ಟಾಗಿನ ಸ್ಥಿತಿಯನ್ನು, ಅಂದರೆ ವಾನ್ ಡೂಸ್‌ಬರ್ಗ್ ತನ್ನ ಪತ್ರದಲ್ಲಿ ಹೊಗಳಿದ್ದ, ಗಿರಾಕಿ ಇನ್ನೂ ಕಾಲಿಡದಿದ್ದ ಓಬೆಟ್ ಅನ್ನು. ಮಾಲೀಕರು ಸೇರಿಸಿದ ಸಾಮಗ್ರಿಗಳಿಗೂ 1938ರ ಅಲಂಕಾರಕ್ಕೂ ಅದರಲ್ಲಿ ಸ್ಥಾನವಿಲ್ಲ. ಸಂರಕ್ಷಣೆಯ ನಿಯಮದಂತೆ ಅದು ಸರಿಯಾದ ಆಯ್ಕೆಯೇ ಇರಬಹುದು, ಆದರೆ ಪ್ರಕರಣದ ಅರ್ಧಭಾಗ ಹಾಗೆ ಕಟ್ಟಡದಿಂದ ಹೊರಗುಳಿಯಿತು. ಈಗ ಆ ಕೋಣೆಗಳಿಗೆ ಬರುವವರು ಚಿತ್ರವನ್ನು ನೋಡಲೆಂದೇ ಬರುತ್ತಾರೆ. ಅವರಿಗೆ ಅಲ್ಲಿ ಕೂತು ಸಂಜೆ ಕಳೆಯಬೇಕಾದ ಅಗತ್ಯವಿಲ್ಲ, ಸಾಕೆನಿಸಿದಾಗ ಮೆಟ್ಟಿಲಿಳಿದು ಕ್ಲೆಬರ್ ಚೌಕಕ್ಕೆ ಹೋಗಬಹುದು. ಫೊಯೇ-ಬಾರ್ ಮತ್ತೆ ಕಾಣಿಸಿಕೊಂಡದ್ದರಿಂದ ಆದ ಇನ್ನೊಂದು ಪ್ರಯೋಜನವೆಂದರೆ, ಬಹುಕಾಲ ಒಬ್ಬನ ಹೆಸರಿಗೆ ಸಂದಿದ್ದ ಕೆಲಸದಲ್ಲಿ ಟೊಯ್ಬರ್-ಆರ್ಪ್ ಅವರ ಪಾಲು ಎಷ್ಟೆಂಬುದನ್ನು ಈಗ ಗೋಡೆಯ ಮೇಲೆಯೇ ನೋಡಿ ತೂಗಬಹುದಾಗಿದೆ.